ಮನೆಯಲ್ಲಿ ಯಾರಾದರೂ ಕುಸಿದು ಬಿದ್ದರೆ ಒಬ್ಬರು ಮುಂದಾಳಾಗಿ

ಕೆಲವು ವರ್ಷಗಳ ಹಿಂದೆ ಶೆಟ್ಟಿಹಳ್ಳಿಯ ನನ್ನ ದವಾಖಾನೆಗೆ ಹುಡುಗನೊಬ್ಬ ಓಡಿ ಬಂದ. ಅವನ ಮನೆಗೆ ಹೋಗಿ ನೋಡಿದರೆ ಹಿರಿಯರೊಬ್ಬರು ನೆಲದ ಮೇಲಿದ್ದರು, ಸುತ್ತ ಹತ್ತು ಮಂದಿ. ಒಬ್ಬರು ಅಂಗಾಲು ಉಜ್ಜುತ್ತಿದ್ದರು, ಇನ್ನೊಬ್ಬರು ಬಾಯಿಗೆ ನೀರು ಹಾಕುತ್ತಿದ್ದರು. “108ಕ್ಕೆ ಫೋನ್ ಮಾಡಿದಿರಾ?” ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಬೇರೆ ಯಾರೋ ಮಾಡಿರಬೇಕೆಂದು ಪ್ರತಿಯೊಬ್ಬರೂ ತಿಳಿದಿದ್ದರು. ಆ ಹಿರಿಯರು ಉಳಿಯಲಿಲ್ಲ.

ಜನ ಬೇಕಾದಷ್ಟಿದ್ದರು, ಮುಂದೆ ನಿಂತು ಹೇಳುವವರು ಒಬ್ಬರೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಹೇಗೆ?

ಹೃದಯ ನಿಂತ ರೋಗಿಯ ಚಿಕಿತ್ಸೆಗೆ ತಂಡದಲ್ಲಿ ಒಬ್ಬರೇ ಮುಖ್ಯಸ್ಥರು. ಸಾಧ್ಯವಾದಷ್ಟೂ ಅವರು ತಾವೇ ಕೈ ಹಾಕದೆ, ಎಲ್ಲವೂ ಕಾಣುವಂತೆ ನಿಲ್ಲುತ್ತಾರೆ. ಕೈ ಹಾಕಿದರೆ ಗಮನವೆಲ್ಲ ಆ ಒಂದೇ ಕೆಲಸಕ್ಕೆ ಹೋಗುತ್ತದೆ. ಅವರು ಹೆಸರು ಹಿಡಿದು ಕೆಲಸ ಒಪ್ಪಿಸುತ್ತಾರೆ. ಕೇಳಿದವರು ಅದನ್ನೇ ತಿರುಗಿ ಹೇಳಿ, ಮುಗಿದಾಗ “ಆಯಿತು” ಎನ್ನುತ್ತಾರೆ. ಮುಖ್ಯಸ್ಥರು ತಪ್ಪಿದರೆ ನರ್ಸ್ ಕೂಡ ಎಚ್ಚರಿಸಬೇಕು. ನಮಾಝ್‌ನಲ್ಲಿ ಇಮಾಮರು ಮರೆತಾಗ ಹಿಂದೆ ನಿಂತವರು ನೆನಪಿಸುವುದಿಲ್ಲವೇ, ಹಾಗೆ.

ಮನೆಯಲ್ಲಿ ನೀವು

1. ಭುಜ ತಟ್ಟಿ ಕೂಗಿ. ಎಚ್ಚರವಿಲ್ಲ, ಉಸಿರಿಲ್ಲ ಅಥವಾ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರೆಳೆಯುತ್ತಿದ್ದಾರೆ ಎಂದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ.

2. ಧೈರ್ಯವಿರುವ ಒಬ್ಬರು “ನಾನು ಹೇಳುತ್ತೇನೆ, ಕೇಳಿ” ಎನ್ನಿ. “ಯಾರಾದರೂ ಫೋನ್ ಮಾಡಿ” ಎನ್ನಬೇಡಿ. “ಇಮ್ರಾನ್, ನೀನು 108ಕ್ಕೆ ಮಾಡು, ಮಾಡಿ ನನಗೆ ಹೇಳು” ಎನ್ನಿ.

3. ಇನ್ನೊಬ್ಬರು ತಕ್ಷಣ ಎದೆ ಒತ್ತಲಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಮೂಳೆಯ ಕೆಳ ಅರ್ಧದ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಮಡಚದೆ ಒತ್ತಬೇಕು. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲಿ.

4. ಮುಂದಾಳು ಗಡಿಯಾರ ನೋಡಿ 2 ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಲಿ. ದಣಿದ ಕೈ ಆಳಕ್ಕೆ ಒತ್ತಲಾರದು.

5. ಒಬ್ಬ ಹುಡುಗ ರಸ್ತೆಯ ತಿರುವಿನಲ್ಲಿ ನಿಂತು ಆಂಬುಲೆನ್ಸ್‌ಗೆ ದಾರಿ ತೋರಿಸಲಿ. ಮಕ್ಕಳನ್ನೂ ಅಳುವವರನ್ನೂ ಒಬ್ಬರು ಪಕ್ಕದ ಕೋಣೆಗೆ ಕರೆದೊಯ್ಯಲಿ.

ಮನೆಯಲ್ಲಿ ಇಬ್ಬರೇ ಇದ್ದರೆ? ಫೋನನ್ನು ಸ್ಪೀಕರ್‌ಗೆ ಹಾಕಿ ನೆಲದ ಮೇಲಿಟ್ಟು, ಮಾತಾಡುತ್ತಲೇ ಒತ್ತಿ.

ಎರಡು ಮಾತು ಬಿಚ್ಚಿ ಹೇಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಝಮ್‌ಝಮ್ ನೀರು, ಜೇನು, ಖಮೀರಾ ಏನನ್ನೂ ಹಾಕಬೇಡಿ. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಯೂನಾನಿ ವೈದ್ಯನಾದ ನಾನೇ ಹೇಳುತ್ತಿದ್ದೇನೆ, ಆ ಹೊತ್ತಿಗೆ ಎದೆ ಒತ್ತುವುದೇ ಮದ್ದು. ಎರಡನೆಯದು, ಬಿದ್ದವರು ಹೆಂಗಸಾಗಿದ್ದರೆ ಮಹ್ರಮ್ ಬರಲೆಂದು ಕಾಯಬೇಡಿ. ಜೀವ ಹೋಗುವ ತುರ್ತಿನಲ್ಲಿ ಇದಕ್ಕೆ ಅನುಮತಿಯಿದೆ. ಬಟ್ಟೆಯ ಮೇಲಿಂದಲೇ ಒತ್ತಬಹುದು. ರಕ್ತ ಹರಿಯದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಹಾನಿ ಶುರುವಾಗುತ್ತದೆ.

ಇಂದು ಇಶಾ ನಮಾಝ್ ಆದ ಮೇಲೆ ಮನೆಯವರೆಲ್ಲ ಕುಳಿತು ಮಾತಾಡಿ. ಹೇಳುವವರು ಯಾರು, ಒತ್ತುವವರು ಯಾರು, ಫೋನ್ ಯಾರು, ಬಾಗಿಲು ಯಾರು? ಒಂದು ತಲೆದಿಂಬಿನ ಮೇಲೆ ಒತ್ತಿ ಅಭ್ಯಾಸ ಮಾಡಿ. ಹೆಣ್ಣುಮಕ್ಕಳೂ ಕಲಿಯಲಿ. ಹಗಲು ಹೊತ್ತು ಅಬ್ಬಾಜಾನ್ ಬಿದ್ದರೆ ಮನೆಯಲ್ಲಿರುವವರು ಅವರೇ ತಾನೆ?