ಕೊಬ್ಬಿನ ಲೆಕ್ಕ: ಮಲಪರೀಕ್ಷೆಯು ತಿಳಿಸುವುದೇನು?

ಜೀರ್ಣಕ್ರಿಯೆಯ ಪಾಠವು ಬಾಯಿಯಿಂದ ಆರಂಭವಾಗಿ, ‘ಜೀರ್ಣವಾಗದೆ ಉಳಿದ ಭಾಗವು ಮಲರೂಪದಲ್ಲಿ ಹೊರಹೋಗುತ್ತದೆ’ ಎಂಬ ವಾಕ್ಯದೊಂದಿಗೆ ಮುಗಿಯುವುದು ವಾಡಿಕೆ. ತರಗತಿಯಲ್ಲಿ ನಗು ಏಳುವುದು ಈ ವಾಕ್ಯಕ್ಕೇ. ಶಿಕ್ಷಕರು ಬೇಗನೆ ದಾಟಿಬಿಡುವುದೂ ಇದನ್ನೇ. (ಕಾಸರಗೋಡಿನ ಮಕ್ಕಳಿಗೆ ನಗಲು ಇನ್ನೊಂದು ಕಾರಣವೂ ಉಂಟು: ಮಲಯಾಳದಲ್ಲಿ ‘ಮಲ’ ಎಂದರೆ ಬೆಟ್ಟ.) ಆದರೆ ಉಂಡದ್ದು ಮೈಗೆ ಹತ್ತಿತೋ ಇಲ್ಲವೋ ಎಂಬುದಕ್ಕೆ ಒಂದು ನೇರವಾದ ಸಾಕ್ಷಿ ದೊರೆಯುವುದು ಮಲದಲ್ಲಿಯೇ.

ಕೊಬ್ಬು ನೀರಿನಲ್ಲಿ ಕರಗದು. ಎರಡು ಪ್ರನಾಳಗಳಲ್ಲಿ ನೀರು ಮತ್ತು ತುಸು ಎಣ್ಣೆ ಹಾಕಿ, ಒಂದಕ್ಕೆ ಮಾತ್ರ ಸಾಬೂನು ನೀರು ಸೇರಿಸಿ ಕುಲುಕಿ ತೋರಿಸಿದರೆ ಪಿತ್ತರಸದ ಕೆಲಸ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ: ಎಣ್ಣೆಯು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಆ ಹನಿಗಳ ಮೇಲೆ ಮೇದೋಜೀರಕ ಗ್ರಂಥಿಯ ಲೈಪೇಸ್ ಕಿಣ್ವವು ವರ್ತಿಸಿ ಮೇದಾಮ್ಲಗಳನ್ನು ಬಿಡಿಸುತ್ತದೆ. ಸಣ್ಣಕರುಳಿನ ಬೆರಳಿನಾಕಾರದ ಮುಂಚಾಚಿಕೆಗಳು ಅವನ್ನು ಹೀರಿಕೊಳ್ಳುತ್ತವೆ. ಪಿತ್ತರಸ, ಕಿಣ್ವ, ಕರುಳಿನ ಒಳಪದರ ಈ ಮೂರರಲ್ಲಿ ಒಂದು ಕೆಟ್ಟರೂ ಕೊಬ್ಬು ಮಲದಲ್ಲಿ ಉಳಿಯುತ್ತದೆ. ಆಗ ಮಲವು ಮಾಸಲು ಬಣ್ಣದ್ದಾಗಿ, ಜಿಡ್ಡಾಗಿ, ದುರ್ವಾಸನೆಯಿಂದ ಕೂಡಿರುತ್ತದೆ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳೂ ಅದರೊಡನೆ ನಷ್ಟವಾಗುತ್ತವೆ.

ಪ್ರಯೋಗಾಲಯದಲ್ಲಿ ಇದನ್ನು ಕಾಣುವ ಸುಲಭ ವಿಧಾನವೆಂದರೆ ಮಲದ ಅಲ್ಪ ಮಾದರಿಗೆ ಸೂಡಾನ್ 3 ಎಂಬ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕೊಬ್ಬಿನ ಹನಿಗಳು ಕಿತ್ತಳೆಗೆಂಪಾಗಿ ತೋರುತ್ತವೆ. ಎಷ್ಟು ಕೊಬ್ಬು ಎಂದು ಅಳೆಯಬೇಕಾದರೆ ಹೆಚ್ಚು ಶ್ರಮ ಬೇಕು. ವಯಸ್ಕ ರೋಗಿಗೆ ದಿನಕ್ಕೆ ಸುಮಾರು 100 ಗ್ರಾಂ ಕೊಬ್ಬಿರುವ ಆಹಾರ ಕೊಟ್ಟು, 72 ಗಂಟೆಗಳ ಮಲವನ್ನೆಲ್ಲ ಸಂಗ್ರಹಿಸುತ್ತಾರೆ. ಮಲವಿಸರ್ಜನೆ ದಿನದಿಂದ ದಿನಕ್ಕೆ ಏರುಪೇರಾಗುವುದರಿಂದ ಒಂದು ದಿನದ ಲೆಕ್ಕ ಸಾಲದು. ದಿನಕ್ಕೆ 7 ಗ್ರಾಂಗಿಂತ ಕಡಿಮೆ ಕೊಬ್ಬು ಹೊರಬಿದ್ದರೆ ಸಹಜ. ಮಕ್ಕಳು ಉಣ್ಣುವ ಕೊಬ್ಬು ಕಡಿಮೆಯಾದ್ದರಿಂದ ಅವರಿಗೆ ಗ್ರಾಂಗಿಂತ ಶೇಕಡಾವಾರು ಲೆಕ್ಕವೇ ಸರಿ.

ಗಣಿತದ ಅವಧಿಗೂ ಇದು ಒಳ್ಳೆಯ ಸಮಸ್ಯೆ. ಮೂರು ದಿನಗಳಲ್ಲಿ 300 ಗ್ರಾಂ ಕೊಬ್ಬು ತಿಂದವನ ಮಲದಲ್ಲಿ 18 ಗ್ರಾಂ ಇದ್ದರೆ ಹೀರಿಕೆ ಶೇ. 94. ಇನ್ನೊಬ್ಬನ ಮಲದಲ್ಲಿ 75 ಗ್ರಾಂ ಇದ್ದರೆ ಶೇ. 75 ಮಾತ್ರ, ಅವನ ಊಟದ ಕೊಬ್ಬಿನಲ್ಲಿ ಕಾಲುಭಾಗ ವ್ಯರ್ಥ.

ಈ ಅಳತೆಗೆ ಅನುಕೂಲವಾದ ವಿಧಾನವನ್ನು ನೆದರ್ಲೆಂಡ್ಸ್ ದೇಶದ ವಾನ್ ಡಿ ಕಾಮರ್ ಮತ್ತು ಸಹೋದ್ಯೋಗಿಗಳು 1949ರಲ್ಲಿ ಪ್ರಕಟಿಸಿದರು. ಹತ್ತನೆಯ ತರಗತಿಯ ರಸಾಯನಶಾಸ್ತ್ರ ಬಲ್ಲವರಿಗೆ ಅದು ಅಪರಿಚಿತವಲ್ಲ. ಮಲವನ್ನು ಆಲ್ಕೋಹಾಲ್ ಬೆರೆತ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನೊಡನೆ ಕುದಿಸಿದರೆ ಸಾಬೂನೀಕರಣ ನಡೆಯುತ್ತದೆ. ಬಳಿಕ ಆಮ್ಲ ಸೇರಿಸಿ ಮೇದಾಮ್ಲಗಳನ್ನು ಬಿಡಿಸಿ, ದ್ರಾವಕದಲ್ಲಿ ಪ್ರತ್ಯೇಕಿಸಿ, ಪ್ರತ್ಯಾಮ್ಲದಿಂದ ಅನುಮಾಪನ ಮಾಡುತ್ತಾರೆ.

ಅದೇ ದೇಶದ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ ಅವರಿಗೆ ಈ ವಿಧಾನವು ಬಹಳ ನೆರವಾಯಿತು. ಸೀಲಿಯಾಕ್ ರೋಗದ ಮಕ್ಕಳು ಹೊಟ್ಟೆ ಉಬ್ಬಿ, ಕೈಕಾಲು ಸೊರಗಿ, ಎಷ್ಟು ಉಣಿಸಿದರೂ ಬೆಳೆಯದೆ ಇರುತ್ತಿದ್ದರು. ಕೆಲವರು ಸಾಯುತ್ತಲೂ ಇದ್ದರು. ಗೋಧಿಯೇ ಕಾರಣವಿರಬಹುದೆಂದು ಡಿಕೆ 1930ರ ದಶಕದಲ್ಲಿಯೇ ಶಂಕಿಸಿದ್ದರು. 1944–45ರ ಬರಗಾಲದ ಚಳಿಗಾಲದಲ್ಲಿ ಬ್ರೆಡ್ ಸಿಗದಾದಾಗ ಈ ಮಕ್ಕಳು ಚೇತರಿಸಿಕೊಂಡದ್ದು ಆ ಶಂಕೆಯನ್ನು ಬಲಪಡಿಸಿತು. ಆದರೆ ಶಂಕೆಯು ಪುರಾವೆಯಲ್ಲ. ಮಕ್ಕಳ ಆಹಾರದಲ್ಲಿ ಗೋಧಿಹಿಟ್ಟು ಸೇರಿಸಿದಾಗ ಮಲದ ಕೊಬ್ಬು ಏರುವುದನ್ನೂ ತೆಗೆದಾಗ ಇಳಿಯುವುದನ್ನೂ ಅಳತೆಯಿಂದ ತೋರಿಸಿದ ಮೇಲೆ ಮಾತು ನಿಂತಿತು. 1950ರ ಅವರ ಪ್ರೌಢಪ್ರಬಂಧದ ವಿಷಯವೇ ಇದು. ದೋಷವಿದ್ದುದು ಗೋಧಿಯ ಪಿಷ್ಟದಲ್ಲಲ್ಲ, ಗ್ಲುಟೆನ್ ಎಂಬ ಪ್ರೋಟೀನಿನಲ್ಲಿ ಎಂಬುದು ಮುಂದಿನ ಕೆಲವೇ ವರ್ಷಗಳಲ್ಲಿ ಸ್ಪಷ್ಟವಾಯಿತು.

ಕೊಬ್ಬು ಹೀರಿಕೆಯಾಗುತ್ತಿಲ್ಲ ಎಂಬುದನ್ನು ಈ ಪರೀಕ್ಷೆ ಹೇಳುತ್ತದೆ. ಏಕೆ ಎಂಬುದನ್ನು ಹೇಳದು. ಆದ್ದರಿಂದ ಇಂದು ಸೀಲಿಯಾಕ್ ರೋಗಕ್ಕೆ ರಕ್ತಪರೀಕ್ಷೆಯನ್ನೂ ಕರುಳಿನ ಚೂರಿನ ಪರೀಕ್ಷೆಯನ್ನೂ ಮಾಡುತ್ತಾರೆ. ಮೇದೋಜೀರಕ ಗ್ರಂಥಿಯ ದೋಷ ತಿಳಿಯಲು ಮಲದಲ್ಲಿರುವ ಎಲಾಸ್ಟೇಸ್ ಕಿಣ್ವವನ್ನು ಅಳೆಯುತ್ತಾರೆ. ಅದಕ್ಕೆ ಒಂದೇ ಮಾದರಿ ಸಾಕು.

ಚೆನ್ನಾಗಿ ಉಂಡರೂ ತೂಕ ಏರದ, ಪದೇ ಪದೇ ಶೌಚಕ್ಕೆ ಹೋಗಲು ಕೇಳುವ ಮಗುವನ್ನು ಮೊದಲು ಗಮನಿಸುವವರು ಎಷ್ಟೋ ವೇಳೆ ಶಿಕ್ಷಕರು. ಮಗು ನಾಚಿಕೆಯಿಂದ ಮನೆಯಲ್ಲಿಯೂ ಹೇಳಿರುವುದಿಲ್ಲ. ಅಂಥ ಮಗುವಿನ ಪಾಲಕರನ್ನು ಪ್ರತ್ಯೇಕವಾಗಿ ಕರೆದು ವೈದ್ಯರ ಬಳಿಗೆ ಕಳುಹಿಸಬೇಕು. ರೋಗದ ಹೆಸರು ಹೇಳುವುದು ಶಿಕ್ಷಕರ ಕೆಲಸವಲ್ಲ. ಜೋಳ, ರಾಗಿ, ಅಕ್ಕಿಗಳಲ್ಲಿ ಗ್ಲುಟೆನ್ ಇಲ್ಲವೆಂಬುದು ನಿಜ. ಆದರೂ ಪರೀಕ್ಷೆಗೆ ಮುನ್ನವೇ ಗೋಧಿ ಬಿಡಿಸಿ ರೊಟ್ಟಿ, ಮುದ್ದೆಗೆ ಇಳಿಯುವಂತೆ ಸಲಹೆ ನೀಡಬಾರದು. ಗೋಧಿ ಬಿಟ್ಟ ಮೇಲೆ ಕರುಳು ಮಾಯತೊಡಗುತ್ತದೆ, ರಕ್ತದಲ್ಲಿಯೂ ರೋಗದ ಗುರುತು ಅಳಿಯುತ್ತಾ ಹೋಗುತ್ತದೆ. ಆಗ ವೈದ್ಯರಿಗೆ ರೋಗವನ್ನು ಖಚಿತಪಡಿಸುವುದು ಕಠಿಣವಾಗುತ್ತದೆ.