ಬಾರದವರ ಪಾತ್ರಕ್ಕೆ ಶಿಕ್ಷೆ ಬೇಡ

ನಿಮ್ಮ ಬೇಸರ ಸಹಜವೇ. ವಾರವಿಡೀ ಕಥೆ ಹೆಣೆದು, ಶನಿವಾರ ರಾತ್ರಿ ಡಿಸ್ಕಾರ್ಡ್‌ನಲ್ಲಿ ಪ್ರತಿಯೊಬ್ಬರೂ ಕಥೆಯ ಒಂದು ಪಾತ್ರವಾಗಿ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡಿಸಲು ಕೂತರೆ ಐವರಲ್ಲಿ ಇಬ್ಬರು ನಾಪತ್ತೆ!

ಮೂವರಿದ್ದರೂ ಆಟ ನಡೆಯುತ್ತದೆ ಎಂದು ಮೊದಲೇ ಮಾತಾಡಿಕೊಳ್ಳಿ. ಬರಲಾಗದವರು ಹಿಂದಿನ ದಿನವೇ ತಿಳಿಸಲಿ, ಕಾರಣ ಕೆದಕಬೇಡಿ. ಸಿಟ್ಟಿಗೆ ಅವರ ಪಾತ್ರವನ್ನು ಸಾಯಿಸಬೇಡಿ. ಕಥೆಯಲ್ಲಿ ಅವರ ಮಾಂತ್ರಿಕನಿಗೆ ಜ್ವರ, ಛತ್ರದಲ್ಲೇ ಉಳಿದ ಎಂದರೆ ಮುಗಿಯಿತು. ಅವರನ್ನು ಕೇಳದೆ ಆ ಪಾತ್ರವನ್ನು ಬೇರೆಯವರ ಕೈಗೂ ಕೊಡಬೇಡಿ. ಆಟದಲ್ಲಿ ನಡೆದದ್ದನ್ನು ಮರುದಿನ ನಾಲ್ಕು ಸಾಲಲ್ಲಿ ಬರೆದು ಅವರಿಗೆ ಕಳಿಸಿ. ಪಾತ್ರಗಳು ಗಳಿಸುವ ಅನುಭವದ ಅಂಕ ಎಲ್ಲರಿಗೂ ಸಮನಾಗಿರಲಿ.

ಯಾರಾದರೂ ಮೂರು ವಾರ ಸತತವಾಗಿ ಬಾರದಿದ್ದರೆ, ಗುಂಪಿನೆದುರು ತರಾಟೆಗೆ ತೆಗೆದುಕೊಳ್ಳದೆ ಅವರನ್ನು ಪ್ರತ್ಯೇಕವಾಗಿ ವಿಚಾರಿಸಿ: "ದಿನ ಬದಲಿಸೋಣವಾ, ಸ್ವಲ್ಪ ಬಿಡುವು ಬೇಕಾ?" ಪರೀಕ್ಷೆ, ರಾತ್ರಿ ಪಾಳಿ, ಮನೆಯವರ ಕಾಯಿಲೆ ಆಟಕ್ಕಿಂತ ದೊಡ್ಡವು. ಮುಂದಿನ ಶನಿವಾರಕ್ಕೆ ಮುನ್ನವೇ ಈ ಮಾತುಕತೆ ಮುಗಿಸಿಬಿಡಿ.