ಕಳೆ ಔಷಧಿ ಹೊಡೆದರೆ ಮುಗಿಯಲಿಲ್ಲ

ಮೆಕ್ಕೆಜೋಳ ಬಿತ್ತಿದ ಮರುದಿನವೇ ಬೆನ್ನಿಗೆ ಕ್ಯಾನು ಏರಿಸಿ ಅಟ್ರಾಜಿನ್ ಹೊಡೆಯುತ್ತೀರಿ. ಕೂಲಿಯಾಳು ಸಿಗದ ಈ ಕಾಲದಲ್ಲಿ ಬೇಡವೆಂದು ನಾನೂ ಹೇಳಲಾರೆ. ಆದರೆ ಕಳೆ ಸತ್ತ ಮೇಲೆ ಆ ಔಷಧಿ ಎಲ್ಲಿಗೆ ಹೋಯಿತೆಂದು ಎಂದಾದರೂ ಕೇಳಿಕೊಂಡಿದ್ದೀರಾ? ಬಿಸಿಲಿಗೆ ಆರಿಹೋಯಿತು ಅಂದುಕೊಂಡಿದ್ದರೆ ತಪ್ಪು. ಅದನ್ನು ಬಹುಮಟ್ಟಿಗೆ ತೀರಿಸುವುದು ನಿಮ್ಮ ಹೊಲದ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು.

ಅಮೆರಿಕದ ಮಿನ್ನೆಸೋಟದ ವಿಜ್ಞಾನಿಗಳು, ಕಳೆನಾಶಕ ಚೆಲ್ಲಿದ್ದ ಜಾಗದ ಮಣ್ಣಿನಲ್ಲಿ ಇಂಥದೊಂದು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿ 1995ರಲ್ಲಿ ಪ್ರಕಟಿಸಿದರು. ಅಟ್ರಾಜಿನ್‌ನಲ್ಲಿರುವ ಸಾರಜನಕವೇ ಅದಕ್ಕೆ ಆಹಾರ. ಮೊದಲು ಕ್ಲೋರಿನ್ ಕಿತ್ತುಹಾಕುತ್ತದೆ. ಅಷ್ಟರಲ್ಲೇ ಕಳೆ ಕೊಲ್ಲುವ ಗುಣ ಹೋಯಿತು. ಆಮೇಲೆ ಪಕ್ಕದ ಎರಡು ಕವಲು ಕಳಚಿ, ನಡುವಿನ ಉಂಗುರವನ್ನೂ ಒಡೆದು, ಕೊನೆಗೆ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತದೆ. ಆರು ಕಿಣ್ವಗಳ ಕೆಲಸ ಇದು.

ಇಷ್ಟು ದುಡಿಯುವ ಜೀವಿಗೆ ನೀವು ಕೊಡುವುದೇನು? ಕೊಟ್ಟಿಗೆ ಗೊಬ್ಬರ ಹಾಕಿ ಎಷ್ಟು ವರ್ಷವಾಯಿತು? ಕಟಾವಾದ ಮೇಲೆ ದಂಟಿಗೆ ಬೆಂಕಿ ಇಡುತ್ತೀರಿ, ಅದನ್ನು ಮೊದಲು ಬಿಡಿ. ಬ್ಯಾಕ್ಟೀರಿಯಾಕ್ಕೆ ತೇವ ಬೇಕು, ಬೆಚ್ಚನೆಯ ಮಣ್ಣು ಬೇಕು, ಕೊಳೆತ ಸೊಪ್ಪುಸದೆ ಬೇಕು. ಹದ ಆರಿದ ಹೊಲದಲ್ಲಿ ಅದು ಕೈಕಟ್ಟಿ ಕೂರುತ್ತದೆ. ಮಳೆ ಕೈಕೊಟ್ಟ ವರ್ಷ ಔಷಧಿ ಹೆಚ್ಚು ದಿನ ಉಳಿಯುವುದು ಇದಕ್ಕೇ. ಯೂರಿಯಾವನ್ನೂ ಲೆಕ್ಕವಿಲ್ಲದೆ ಸುರಿಯಬೇಡಿ. ಸಾರಜನಕ ಸುಲಭವಾಗಿ ಸಿಕ್ಕರೆ ಇವುಗಳಲ್ಲಿ ಹಲವು ಅಟ್ರಾಜಿನ್ ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ಕೆಟ್ಟ ಚಾಳಿ, ಕ್ಯಾನನ್ನು ಬಾವಿಕಟ್ಟೆಯಲ್ಲೋ ಕೊಳವೆಬಾವಿಯ ಬುಡದಲ್ಲೋ ತೊಳೆಯುವುದು. ದಯವಿಟ್ಟು ಬೇಡ. ಬ್ಯಾಕ್ಟೀರಿಯಾ ಹೆಚ್ಚಿರುವುದು ಮೇಲ್ಮಣ್ಣಿನಲ್ಲಿ, ಆಳಕ್ಕಿಳಿದಂತೆ ಕಡಿಮೆ. ಅಂತರ್ಜಲ ಸೇರಿದ ಅಟ್ರಾಜಿನ್ ಅಲ್ಲಿ ಬಹುಕಾಲ ಹಾಗೇ ಇರುತ್ತದೆ. ಅಂತರ್ಜಲದಲ್ಲಿ ಸಿಕ್ಕಿತೆಂದೇ ಯುರೋಪಿನ ಒಕ್ಕೂಟ ಇದನ್ನು ಕೈಬಿಟ್ಟದ್ದು. ತೊಳೆದ ನೀರನ್ನು ಔಷಧಿ ಹೊಡೆದ ಹೊಲಕ್ಕೇ ತೆಳುವಾಗಿ ಚಿಮುಕಿಸಿ.

ಅಳತೆ ತಪ್ಪಬೇಡಿ. ಅತಿಯಾದರೆ ಅಮೃತವೂ ವಿಷ, ಇದಂತೂ ಮೊದಲೇ ವಿಷ. ಹಾಗೆಂದು ವರ್ಷವರ್ಷ ಅದೇ ಔಷಧಿಗೆ ಜೋತು ಬೀಳಬೇಡಿ. ಪದೇ ಪದೇ ಸಿಕ್ಕರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿ ಬೇಗ ತಿಂದು ಮುಗಿಸುತ್ತದೆ. ಆಗ ಕಳೆ ಮತ್ತೆ ಏಳುತ್ತದೆ, ನೀವು ಅಂಗಡಿಯವನನ್ನು ಬೈಯುತ್ತೀರಿ. ಒಂದು ಸಲವಾದರೂ ಎಡೆಕುಂಟೆ ಹೊಡೆಯಿರಿ.

ಮೆಕ್ಕೆಜೋಳದ ಹಿಂದೆಯೇ ಸೋಯಾ, ಸೂರ್ಯಕಾಂತಿ, ತರಕಾರಿ ಹಾಕುವವರೇ, ಮಣ್ಣಿನಲ್ಲಿ ಉಳಿದ ಔಷಧಿ ಆ ಬೆಳೆಯನ್ನೂ ಸುಡಬಹುದು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನಿಸಿಕೊಳ್ಳಬೇಡಿ. ಹೊಲದ ನಾಲ್ಕಾರು ಕಡೆಯ ಮೇಲ್ಮಣ್ಣನ್ನು ಒಂದು ಕುಂಡಕ್ಕೆ, ಔಷಧಿ ಕಾಣದ ಬದುವಿನ ಮಣ್ಣನ್ನು ಇನ್ನೊಂದಕ್ಕೆ ತುಂಬಿ. ಎರಡರಲ್ಲೂ ನಾಲ್ಕು ಸೋಯಾ ಕಾಳು ಊರಿ ಮೂರು ವಾರ ಕಾಯಿರಿ. ಮೊಳಕೆ ಬಂತೆಂದು ಹಿಗ್ಗಬೇಡಿ, ಅಟ್ರಾಜಿನ್ ಮೊಳಕೆಯನ್ನು ತಡೆಯುವುದಿಲ್ಲ. ಹೊಲದ ಮಣ್ಣಿನ ಗಿಡದಲ್ಲಿ ಮಾತ್ರ ಕೆಳಗಿನ ಎಲೆಗಳ ಅಂಚು ಹಳದಿಯಾಗಿ ಸುಟ್ಟಂತೆ ಕಂಡರೆ ಔಷಧಿ ಇನ್ನೂ ಇದೆ ಎಂದೇ ತಿಳಿಯಿರಿ. ಆ ಹೊಲಕ್ಕೆ ಈ ಸಲ ಮತ್ತೆ ಮೆಕ್ಕೆಜೋಳವನ್ನೋ ಜೋಳವನ್ನೋ ಹಾಕಿ, ಸೋಯಾ ಬೀಜ ತರಬೇಡಿ.